ತಮ್ಮವರ ಸೋಲಿಗೆ ಚಪ್ಪಾಳೆ

2015ರ ಮಾರ್ಚ್ 26ರ ರಾತ್ರಿ ಅಮೆರಿಕದ ಬಫಲೋ ನಗರದಲ್ಲಿ ಒಂದು ಐಸ್ ಹಾಕಿ ಪಂದ್ಯ ನಡೆಯಿತು. ಆತಿಥೇಯ ತಂಡ ಬಫಲೋ ಸೇಬರ್ಸ್. ಎದುರಾಳಿ ದೂರದ ಮರುಭೂಮಿಯ ರಾಜ್ಯದಿಂದ ಬಂದ ಅರಿಝೋನಾ ಕೊಯೋಟಿಸ್. ನಿಗದಿತ ಅವಧಿ ಮುಗಿದಾಗ ಎರಡೂ ತಂಡಗಳು ತಲಾ ಮೂರು ಗೋಲು ಹೊಡೆದಿದ್ದವು. ಹೆಚ್ಚುವರಿ ಅವಧಿಯಲ್ಲಿ ಅರಿಝೋನಾದ ಸ್ಯಾಮ್ ಗ್ಯಾಗ್ನರ್ ಗೋಲು ಹೊಡೆದರು. ಬಫಲೋ ಸೋತಿತು. ಆಗ ಕ್ರೀಡಾಂಗಣದಲ್ಲಿ ಹರ್ಷೋದ್ಗಾರ ಎದ್ದಿತು.

ಹಾಗೆ ಕೂಗಿದವರು ಅರಿಝೋನಾದವರಲ್ಲ. ಅಷ್ಟು ದೂರದಿಂದ ಬಂದವರು ಎಷ್ಟು ಮಂದಿ ಇದ್ದಾರು? ಬಫಲೋ ತಂಡದ ನೀಲಿ ಅಂಗಿ ತೊಟ್ಟು, ಹಣ ಕೊಟ್ಟು ಟಿಕೆಟ್ ಪಡೆದು ಬಂದಿದ್ದ ಸ್ಥಳೀಯರೇ ತಮ್ಮ ತಂಡದ ಸೋಲಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರೆಂದಲ್ಲ. ಆದರೆ ಮಂಜಿನ ಮೇಲೆ ಬೆವರು ಸುರಿಸಿದ ಆಟಗಾರರ ಕಿವಿಗೆ ಬೀಳುವಷ್ಟು ಮಂದಿ ತಟ್ಟಿದರು.

ಈ ಜನರಿಗೆ ತಲೆ ಕೆಟ್ಟಿತ್ತೇ? ಖಂಡಿತ ಇಲ್ಲ. ಅವರು ಚೆನ್ನಾಗಿ ಲೆಕ್ಕ ಹಾಕಿದ್ದರು. ಆ ಲೆಕ್ಕ ಏನೆಂದು ತಿಳಿಯಲು ಆ ಆಟದ ವ್ಯವಸ್ಥೆಯನ್ನು ಸ್ವಲ್ಪ ಅರಿಯಬೇಕು.

ನಮಗೆ ಹಾಕಿ ಎಂದರೆ ಹುಲ್ಲಿನ ಅಥವಾ ಟರ್ಫಿನ ಮೇಲಿನ ಆಟ. ಉತ್ತರ ಅಮೆರಿಕದಲ್ಲಿ ಹಾಕಿ ಎಂದರೆ ಹೆಪ್ಪುಗಟ್ಟಿದ ನೀರಿನ ಅಂಗಳದಲ್ಲಿ, ಕಾಲಿಗೆ ಸ್ಕೇಟ್ ಕಟ್ಟಿ, ಚೆಂಡಿನ ಬದಲು ಗಟ್ಟಿ ರಬ್ಬರಿನ ಚಪ್ಪಟೆ ಬಿಲ್ಲೆಯನ್ನು ಅಟ್ಟಿಸಿಕೊಂಡು ಹೋಗುವ ಆಟ. ಗೋಲಿನ ಕಾವಲಿನವನೂ ಸೇರಿ ಪ್ರತಿ ತಂಡದಿಂದ ಆರು ಮಂದಿ ಅಂಗಳದಲ್ಲಿರುತ್ತಾರೆ. ನ್ಯಾಷನಲ್ ಹಾಕಿ ಲೀಗ್ ಎಂಬ ವೃತ್ತಿಪರ ಕೂಟದಲ್ಲಿ ಆಗ 30 ತಂಡಗಳಿದ್ದವು. ಒಂದು ಋತುವಿನಲ್ಲಿ ಪ್ರತಿ ತಂಡಕ್ಕೆ 82 ಪಂದ್ಯ. ಕೊನೆಯ ಸ್ಥಾನಕ್ಕೆ ಇಳಿದ ತಂಡವನ್ನು, ಯುರೋಪಿನ ಫುಟ್ಬಾಲ್ ಕೂಟಗಳಂತೆ, ಕೆಳಗಿನ ದರ್ಜೆಗೆ ತಳ್ಳುವ ಪದ್ಧತಿ ಅಲ್ಲಿಲ್ಲ. ಬದಲಿಗೆ ಅದಕ್ಕೊಂದು ಬಹುಮಾನವಿದೆ. ಪ್ರತಿ ವರ್ಷ ಹದಿನೆಂಟರ ಆಸುಪಾಸಿನ ಪ್ರತಿಭಾವಂತ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಸೋತು ಸುಣ್ಣವಾದ ತಂಡಗಳಿಗೆ ಆಯ್ಕೆಯಲ್ಲಿ ಮೊದಲ ಸರದಿ.

ಈ ನಿಯಮದ ಹಿಂದೆ ಇರುವುದು ಒಳ್ಳೆಯ ಉದ್ದೇಶವೇ. ಹಣವಿದ್ದವನು ಎಲ್ಲವನ್ನೂ ದೋಚಬಾರದು, ಬಿದ್ದವನಿಗೆ ಏಳಲು ಒಂದು ಕೈ ಆಸರೆ ಇರಬೇಕು. ಬಂಡವಾಳಶಾಹಿಯ ತವರಿನಲ್ಲಿ ಆಟದ ಮಟ್ಟಿಗಾದರೂ ಇಂತಹ ಸಮಾನತೆಯ ಕಾಳಜಿ ಇರುವುದು ವಿಶೇಷವೇ ಸರಿ. ಆದರೆ ಬಿದ್ದವನಿಗೆ ಸಹಾಯ ಸಿಗುತ್ತದೆಂದು ಗೊತ್ತಾದಾಗ ಬೇಕೆಂದೇ ಬೀಳುವವನೂ ಹುಟ್ಟಿಕೊಳ್ಳುತ್ತಾನೆ. ಇದನ್ನು ತಡೆಯಲು ಲೀಗ್ ಲಾಟರಿಯನ್ನು ತಂದಿತು. 2015ರಲ್ಲಿ ಕೊನೆಯ ಸ್ಥಾನದ ತಂಡಕ್ಕೆ ಮೊದಲ ಆಯ್ಕೆ ಸಿಗುವ ಸಾಧ್ಯತೆ ಶೇ. 20 ಮಾತ್ರ. ಆದರೆ ಲಾಟರಿ ಕೈಕೊಟ್ಟರೂ ಆ ತಂಡ ಎರಡನೇ ಆಯ್ಕೆಗಿಂತ ಕೆಳಗೆ ಇಳಿಯುವಂತಿರಲಿಲ್ಲ.

ಆ ವರ್ಷ ಇಬ್ಬರು ಹುಡುಗರ ಹೆಸರು ಎಲ್ಲರ ಬಾಯಲ್ಲಿತ್ತು. ಕೆನಡಾದ ಕಾನರ್ ಮೆಕ್‌ಡೇವಿಡ್ ಮತ್ತು ಅಮೆರಿಕದ ಜ್ಯಾಕ್ ಐಕಲ್. ಮೆಕ್‌ಡೇವಿಡ್ ತಲೆಮಾರಿಗೊಬ್ಬ ಹುಟ್ಟುವ ಆಟಗಾರ ಎಂದು ಪಂಡಿತರು ಒಮ್ಮತದಿಂದ ಹೇಳಿದ್ದರು. ಅಂದರೆ ಕಟ್ಟಕಡೆಯ ಸ್ಥಾನಕ್ಕೆ ಬಂದರೆ ಇಬ್ಬರಲ್ಲೊಬ್ಬ ಖಾತ್ರಿ. ಮಾರ್ಚ್ 26ರಂದು ಮುಖಾಮುಖಿಯಾದದ್ದು ಪಟ್ಟಿಯ ತಳದಲ್ಲಿದ್ದ ಎರಡು ತಂಡಗಳು. ಗೆದ್ದವನು ಸೋಲುವ, ಸೋತವನು ಗೆಲ್ಲುವ ಪಂದ್ಯ ಅದು. ಚಪ್ಪಾಳೆಯ ಅರ್ಥ ಇಷ್ಟೇ.

ಬಫಲೋದವರನ್ನು ದೂರುವ ಮೊದಲು ಆ ಊರಿನ ಕಥೆಯನ್ನೂ ಕೇಳಬೇಕು. ಈರಿ ಸರೋವರದ ದಂಡೆಯ ಈ ನಗರ ಒಂದು ಕಾಲದಲ್ಲಿ ಉಕ್ಕು ಮತ್ತು ಧಾನ್ಯದ ವ್ಯಾಪಾರದಿಂದ ಮೆರೆದಿತ್ತು. 1950ರಲ್ಲಿ ಅಲ್ಲಿ ಸುಮಾರು 5.8 ಲಕ್ಷ ಜನರಿದ್ದರು. 2010ರ ಜನಗಣತಿಯಲ್ಲಿ ಉಳಿದವರು ಸುಮಾರು 2.6 ಲಕ್ಷ. ನೆರೆಯ ಲ್ಯಾಕವಾನಾದ ದೊಡ್ಡ ಉಕ್ಕಿನ ಕಾರ್ಖಾನೆ 1980ರ ದಶಕದ ಆರಂಭದಲ್ಲಿ ಉಕ್ಕಿನ ತಯಾರಿಯನ್ನೇ ನಿಲ್ಲಿಸಿತು. ಆಟದಲ್ಲಾದರೂ ಸಮಾಧಾನ ಸಿಕ್ಕಿತೇ? 1970ರಲ್ಲಿ ಆಡಲು ತೊಡಗಿದ ಸೇಬರ್ಸ್ 1975 ಮತ್ತು 1999ರಲ್ಲಿ ಫೈನಲ್ ತಲುಪಿ ಎರಡೂ ಸಲ ಸೋತಿತು. 1999ರ ಸೋಲಂತೂ ಮೂರನೇ ಹೆಚ್ಚುವರಿ ಅವಧಿಯಲ್ಲಿ ಬಿದ್ದ ಒಂದು ವಿವಾದಿತ ಗೋಲಿನಿಂದ. ಅದೇ ಊರಿನ ಅಮೆರಿಕನ್ ಫುಟ್ಬಾಲ್ ತಂಡ 1991ರಿಂದ 1994ರ ತನಕ ಸತತ ನಾಲ್ಕು ಸೂಪರ್ ಬೌಲ್ ಫೈನಲ್‌ಗಳಲ್ಲಿ ಸೋತಿತು. ಇಂತಹ ಊರಿಗೆ ಒಬ್ಬ ಮೆಕ್‌ಡೇವಿಡ್ ಬರುತ್ತಾನೆ ಎಂಬ ಆಸೆ ಎಷ್ಟು ದೊಡ್ಡದಿರಬಹುದು, ಊಹಿಸಿ.

ಸೋಲಿರಿ ಎಂದು ಆಟಗಾರರಿಗೆ ಯಾರೂ ಆದೇಶಿಸಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಆಡಳಿತವು ತಂಡವನ್ನು ಕಟ್ಟಿದ ರೀತಿಯೇ ಸಾಕಿತ್ತು. ಫೆಬ್ರವರಿ 2015ರಲ್ಲಿ ದೊಡ್ಡದೊಂದು ವಿನಿಮಯ ನಡೆಯಿತು. ಆಡುತ್ತಿದ್ದ ಹಿರಿಯ ಆಟಗಾರರನ್ನು ವಿನ್ನಿಪೆಗ್ ತಂಡಕ್ಕೆ ಕೊಟ್ಟು ಇವಾಂಡರ್ ಕೇನ್‌ರನ್ನು ಕರೆತಂದರು. ಕೇನ್ ಒಳ್ಳೆಯ ಆಟಗಾರ. ಆದರೆ ಭುಜದ ಶಸ್ತ್ರಚಿಕಿತ್ಸೆಯಿಂದಾಗಿ ಆ ಋತುವಿನಲ್ಲಿ ಅವರು ಇನ್ನು ಆಡುವಂತಿರಲಿಲ್ಲ! ಗೋಲಿನ ಮುಂದೆ ನಿಂತು ಅಷ್ಟಿಷ್ಟು ಮಾನ ಕಾಯುತ್ತಿದ್ದ ಇಬ್ಬರು ಗೋಲ್‌ಕೀಪರ್‌ಗಳು, ಎನ್ರೋತ್ ಮತ್ತು ನ್ಯೂವಿರ್ತ್, ಒಬ್ಬರ ಹಿಂದೆ ಒಬ್ಬರಂತೆ ಬೇರೆ ತಂಡಗಳಿಗೆ ಹೋದರು. ಪ್ರತಿಯೊಂದು ವಿನಿಮಯಕ್ಕೂ ಒಂದು ಸಮರ್ಥನೆ ಇತ್ತು. ಒಂದೊಂದನ್ನೇ ಬಿಡಿಸಿ ನೋಡಿದರೆ ಯಾವುದೂ ತಪ್ಪಲ್ಲ. ಒಟ್ಟು ಸೇರಿಸಿದರೆ ದಿಕ್ಕು ಸ್ಪಷ್ಟ. ಕೊನೆಗೆ 82 ಪಂದ್ಯಗಳಲ್ಲಿ 23 ಗೆಲುವು, 54 ಅಂಕ, ಮೂವತ್ತನೇ ಸ್ಥಾನ. ಅರಿಝೋನಾ 56 ಅಂಕಗಳೊಂದಿಗೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ.

ಈಗ ಪ್ರಶ್ನೆಗೆ ಬರೋಣ. ನಿಯಮ ಮುರಿಯದೆ, ಯಾರಿಂದಲೂ ಲಂಚ ಪಡೆಯದೆ, ನಾಳೆಯ ಒಳಿತಿಗಾಗಿ ಇಂದಿನ ಸೋಲನ್ನು ಬಯಸುವುದು ತಪ್ಪೇ?

2000ದಲ್ಲಿ ಹ್ಯಾನ್ಸಿ ಕ್ರೋನಿಯೆ ಬುಕ್ಕಿಗಳಿಂದ ಹಣ ಪಡೆದದ್ದು ಬಯಲಾದಾಗ ತೀರ್ಪು ಹೇಳಲು ನಮಗೆ ಕಷ್ಟವಾಗಲಿಲ್ಲ. ಅಲ್ಲಿ ಹಣವಿತ್ತು, ಗುಟ್ಟಿತ್ತು, ನಂಬಿಕೆದ್ರೋಹವಿತ್ತು. ಬಫಲೋದಲ್ಲಿ ಮೂರೂ ಇಲ್ಲ. ಎಲ್ಲವೂ ಹಗಲು ಬೆಳಕಿನಲ್ಲೇ ನಡೆಯಿತು.

ಇದಕ್ಕೆ ಹತ್ತಿರದ ಇನ್ನೊಂದು ಪ್ರಸಂಗ 2012ರ ಲಂಡನ್ ಒಲಿಂಪಿಕ್ಸ್‌ನದು. ಮಹಿಳೆಯರ ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ, ಗುಂಪಿನ ಕೊನೆಯ ಪಂದ್ಯ ಸೋತರೆ ಮುಂದಿನ ಸುತ್ತಿನಲ್ಲಿ ಅನುಕೂಲದ ಎದುರಾಳಿ ಸಿಗುತ್ತದೆ ಎಂಬ ಲೆಕ್ಕದಲ್ಲಿ ಚೀನಾ, ದಕ್ಷಿಣ ಕೊರಿಯಾ, ಇಂಡೋನೇಷ್ಯಾದ ಆಟಗಾರ್ತಿಯರು ಬೇಕೆಂದೇ ಶಟಲನ್ನು ನೆಟ್ಟಿಗೆ ಹೊಡೆದರು. ನೋಡುಗರು ಛೀಮಾರಿ ಹಾಕಿದರು. ಎಂಟು ಮಂದಿಯನ್ನು ಕೂಟದಿಂದ ಹೊರಹಾಕಲಾಯಿತು. ನಮ್ಮ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಅದೇ ವಿಭಾಗದಲ್ಲಿ ಆಡುತ್ತಿದ್ದರು. ಅವರ ಗುಂಪಿನಲ್ಲಿ ಜಪಾನ್ ಜೋಡಿ ಚೈನೀಸ್ ತೈಪೆಯ ಜೋಡಿಗೆ ಸೋತದ್ದರಿಂದ ಅಂಕಗಳ ಕೂದಲೆಳೆಯ ಲೆಕ್ಕದಲ್ಲಿ ಇವರು ಹೊರಬಿದ್ದರು. ಆ ಸೋಲಿನ ಬಗ್ಗೆ ಭಾರತ ದೂರು ಕೊಟ್ಟಿತು, ದೂರು ತಿರಸ್ಕೃತವಾಯಿತು. ಜಪಾನಿನ ಜೋಡಿ ಬೇಕೆಂದೇ ಸೋತಿತೆಂದು ನಾನು ಹೇಳಲಾರೆ, ಯಾರೂ ಅದನ್ನು ರುಜುವಾತು ಮಾಡಿಲ್ಲ. ಆದರೆ ಇಂತಹ ಲೆಕ್ಕಾಚಾರಗಳು ಒಮ್ಮೆ ಆಟದೊಳಗೆ ಹೊಕ್ಕರೆ ಪ್ರಾಮಾಣಿಕ ಸೋಲಿನ ಮೇಲೂ ಸಂಶಯದ ನೆರಳು ಬೀಳುತ್ತದೆ. ಸೋತವನಿಗೆ ಕಡೆಯದಾಗಿ ಉಳಿಯುವ ಆಸ್ತಿಯೆಂದರೆ ‘ನಾನು ಪ್ರಯತ್ನಿಸಿದೆ’ ಎಂಬ ಮಾತು. ಅದನ್ನೂ ಜನ ನಂಬದಂತಾಗುತ್ತದೆ.

ಲಂಡನ್ನಿಗೂ ಬಫಲೋಗೂ ಒಂದು ವ್ಯತ್ಯಾಸವಿದೆ. ಲಂಡನ್ನಿನಲ್ಲಿ ಆಟಗಾರ್ತಿಯರು ಬೇಕೆಂದೇ ಸೋತರು, ನೋಡುಗರು ಧಿಕ್ಕರಿಸಿದರು. ಬಫಲೋದಲ್ಲಿ ಆಟಗಾರರು ಗೆಲ್ಲಲು ಹೆಣಗಿದರು, ನೋಡುಗರು ಅವರ ಸೋಲಿಗೆ ಹರ್ಷಿಸಿದರು. ಯಾವುದು ಹೆಚ್ಚು ನೋವಿನದು?

ಸಮರ್ಥಿಸುವವರ ವಾದವನ್ನೂ ಅಲ್ಲಗಳೆಯುವಂತಿಲ್ಲ. ರೈತ ಒಂದು ವರ್ಷ ಗದ್ದೆಯನ್ನು ಬೀಳು ಬಿಟ್ಟರೆ ಅವನನ್ನು ಸೋಮಾರಿ ಎನ್ನುತ್ತೇವೆಯೇ? ಗಾಯ ಒಣಗಲು ವೈದ್ಯ ಕತ್ತಿ ಹಾಕುತ್ತಾನೆ. ಮಕ್ಕಳ ಓದಿಗೆಂದು ತಂದೆ ತಾಯಿ ಹೊಟ್ಟೆಬಟ್ಟೆ ಕಟ್ಟುತ್ತಾರೆ. ಹತ್ತನೇ ಸ್ಥಾನ, ಹದಿನೈದನೇ ಸ್ಥಾನ ಎಂದು ನಡುನೀರಿನಲ್ಲಿ ವರ್ಷಗಟ್ಟಲೆ ತೇಲುವುದಕ್ಕಿಂತ ಒಮ್ಮೆ ತಳ ಮುಟ್ಟಿ ಏಳುವುದು ಜಾಣತನವಲ್ಲವೇ? ಉದಾಹರಣೆಯೂ ಅವರ ಬಳಿ ಇದೆ. ಪಿಟ್ಸ್‌ಬರ್ಗ್ ತಂಡ 1983-84ರಲ್ಲಿ ಕೊನೆಯ ಸ್ಥಾನಕ್ಕೆ ಬಂದು ಮಾರಿಯೊ ಲೆಮ್ಯೂ ಎಂಬ ಹುಡುಗನನ್ನು ಪಡೆಯಿತು. ಅದಕ್ಕೆಂದೇ ಸೋತರು ಎಂಬ ಮಾತು ಇಂದಿಗೂ ಇದೆ. ಲೆಮ್ಯೂ 1991 ಮತ್ತು 1992ರಲ್ಲಿ ಆ ಊರಿಗೆ ಸ್ಟ್ಯಾನ್ಲಿ ಕಪ್ ತಂದುಕೊಟ್ಟರು. 1984ರ ಸೋಲುಗಳ ಬಗ್ಗೆ ಇಂದು ಪಿಟ್ಸ್‌ಬರ್ಗಿನಲ್ಲಿ ಕಣ್ಣೀರು ಹಾಕುವವರು ಸಿಗಲಾರರು.

ಬಫಲೋಗೆ ಹಾಗಾಗಲಿಲ್ಲ. 2015ರ ಏಪ್ರಿಲ್‌ನಲ್ಲಿ ಲಾಟರಿ ಎತ್ತಿದಾಗ ಶೇ. 11.5ರ ಅವಕಾಶವಷ್ಟೇ ಇದ್ದ ಎಡ್ಮಂಟನ್‌ಗೆ ಮೊದಲ ಆಯ್ಕೆ ಒಲಿಯಿತು. ಮೆಕ್‌ಡೇವಿಡ್ ಅಲ್ಲಿಗೆ ಹೋದರು. ಬಫಲೋಗೆ ಸಿಕ್ಕಿದ್ದು ಐಕಲ್. ಅವರೂ ಸಾಮಾನ್ಯರಲ್ಲ, ತಂಡದ ನಾಯಕರೂ ಆದರು. ಆದರೆ ಕುತ್ತಿಗೆಯ ಗಾಯಕ್ಕೆ ಯಾವ ಶಸ್ತ್ರಚಿಕಿತ್ಸೆ ಎಂಬ ವಿಚಾರದಲ್ಲಿ ಆಡಳಿತದೊಂದಿಗೆ ಸಂಬಂಧ ಹಳಸಿ, 2021ರ ನವೆಂಬರ್‌ನಲ್ಲಿ ಲಾಸ್ ವೇಗಾಸ್‌ನ ತಂಡಕ್ಕೆ ಹೋದರು. 2023ರಲ್ಲಿ ಅಲ್ಲಿ ಸ್ಟ್ಯಾನ್ಲಿ ಕಪ್ ಎತ್ತಿದರು. ಬಫಲೋ 2013-14ರಲ್ಲೂ ಕೊನೆಯ ಸ್ಥಾನಕ್ಕೆ ಬಂದಿತ್ತು. ಆ ಸೋಲಿನ ಫಲವಾಗಿ ಸಿಕ್ಕ ಸ್ಯಾಮ್ ರೈನ್‌ಹಾರ್ಟ್ 2021ರಲ್ಲಿ ಫ್ಲೋರಿಡಾಕ್ಕೆ ಹೋದರು. 2024ರ ಫೈನಲ್‌ನ ಏಳನೇ ಪಂದ್ಯದಲ್ಲಿ ಫ್ಲೋರಿಡಾದ ವಿಜಯದ ಗೋಲು ಹೊಡೆದವರು ಇದೇ ರೈನ್‌ಹಾರ್ಟ್. ಸೋತದ್ದು ಮೆಕ್‌ಡೇವಿಡ್‌ರ ಎಡ್ಮಂಟನ್! ಕಾದಂಬರಿಕಾರ ಹೀಗೆ ಬರೆದಿದ್ದರೆ ತೀರಾ ಹೆಣೆದಂತಿದೆ ಎನ್ನುತ್ತಿದ್ದೆವು. ಇತ್ತ ಬಫಲೋ 2011-12ರಿಂದ 2024-25ರ ತನಕ ಸತತ ಹದಿನಾಲ್ಕು ಋತುಗಳಲ್ಲಿ ಪ್ಲೇ ಆಫ್ ಹಂತಕ್ಕೇ ತಲುಪಲಿಲ್ಲ. ಲೀಗ್‌ನ ಇತಿಹಾಸದಲ್ಲಿ ಇಷ್ಟು ದೀರ್ಘ ಬರಗಾಲ ಬೇರೆ ಯಾವ ತಂಡಕ್ಕೂ ಬಂದಿಲ್ಲ.

ಮಾಡಿದ್ದುಣ್ಣೋ ಮಹಾರಾಯ ಎಂದು ಇಲ್ಲಿಗೆ ಲೇಖನ ಮುಗಿಸಿಬಿಡಬಹುದಿತ್ತು. ಅದು ಸುಲಭ, ಆದರೆ ಅಪ್ರಾಮಾಣಿಕ. ಲಾಟರಿಯ ಚೆಂಡು ಬೇರೆ ರೀತಿ ಬಿದ್ದಿದ್ದರೆ? ಮೆಕ್‌ಡೇವಿಡ್ ಬಫಲೋಗೆ ಬಂದು ಎರಡು ಕಪ್ ಗೆದ್ದುಕೊಟ್ಟಿದ್ದರೆ ಆ ರಾತ್ರಿಯ ಚಪ್ಪಾಳೆ ನ್ಯಾಯವಾಗಿಬಿಡುತ್ತಿತ್ತೇ? ಫಲಿತಾಂಶವನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸಿದರೆ ಪಿಟ್ಸ್‌ಬರ್ಗ್ ಸಜ್ಜನ, ಬಫಲೋ ದುರ್ಜನ ಎನ್ನಬೇಕಾಗುತ್ತದೆ. ಇಬ್ಬರ ಮೇಲಿದ್ದ ಆರೋಪವೂ ಒಂದೇ. ಒಬ್ಬನಿಗೆ ಅದೃಷ್ಟ ಒಲಿಯಿತು, ಇನ್ನೊಬ್ಬನಿಗೆ ಒಲಿಯಲಿಲ್ಲ. ಕೃತ್ಯದ ಒಳಿತು ಕೆಡುಕುಗಳನ್ನು ಕೃತ್ಯದೊಳಗೇ ಹುಡುಕಬೇಕು.

ಹಾಗೆ ಹುಡುಕಿದಾಗ ನನಗೆ ಕಾಣುವುದು ಆ ಋತುವಿನ ಆಟಗಾರರು. ರೈತನ ಉಪಮೆ ಇಲ್ಲಿ ಕುಂಟುತ್ತದೆ. ಬೀಳು ಬಿಟ್ಟ ಗದ್ದೆಗೆ ನೋವಾಗುವುದಿಲ್ಲ. ಹೊಟ್ಟೆಬಟ್ಟೆ ಕಟ್ಟುವ ತಂದೆ ತ್ಯಾಗ ಮಾಡುವುದು ತನ್ನ ಅನ್ನವನ್ನು, ಪಕ್ಕದ ಮನೆಯವನದ್ದಲ್ಲ. ಬಫಲೋದಲ್ಲಿ ತ್ಯಾಗಕ್ಕೆ ಇಟ್ಟದ್ದು ಯಾರನ್ನು? ಕೆಳಗಿನ ಲೀಗಿನಿಂದ ಕರೆಸಿಕೊಂಡ, ಈ ಕೆಲವೇ ತಿಂಗಳಲ್ಲಿ ತನ್ನನ್ನು ರುಜುವಾತುಪಡಿಸಬೇಕಿದ್ದ ಹುಡುಗರನ್ನು. ಮುಂದಿನ ವರ್ಷ ಗುತ್ತಿಗೆ ಸಿಗುವುದೋ ಇಲ್ಲವೋ ಎಂಬ ಚಿಂತೆಯಲ್ಲಿದ್ದ ಮೂವತ್ತು ದಾಟಿದವರನ್ನು. ಅವರಿಗೆ ಮೆಕ್‌ಡೇವಿಡ್ ಬಂದರೇನು, ಬಿಟ್ಟರೇನು? ಅವನು ಬರುವಾಗ ಅವರಲ್ಲಿ ಬಹುಪಾಲು ಮಂದಿ ಅಲ್ಲಿರುತ್ತಿರಲಿಲ್ಲ. ಅವರ ಪಾಲಿಗೆ ಇದ್ದದ್ದು ಆ ರಾತ್ರಿಯ ಪಂದ್ಯ ಮಾತ್ರ. ಅದರಲ್ಲಿ ಅವರು ಗೋಲು ಹೊಡೆದರೆ ತಮ್ಮದೇ ಜನರ ಆಸೆಗೆ ಕಲ್ಲು ಹಾಕಿದಂತೆ! ಮನುಷ್ಯನನ್ನು ಬರೀ ಸಾಧನವನ್ನಾಗಿ ಬಳಸಬಾರದು ಎಂದು ಜರ್ಮನ್ ದಾರ್ಶನಿಕ ಕಾಂಟ್ ಹೇಳಿದ್ದನ್ನು ನಾವು ತತ್ವಶಾಸ್ತ್ರದ ಪಾಠವಾಗಿ ಓದುತ್ತೇವೆ. ಅದು ನಿಜವಾಗಿ ಹೇಗಿರುತ್ತದೆಂದು ತಿಳಿಯಬೇಕಾದರೆ ಆ ರಾತ್ರಿ ಬಫಲೋದ ಆಟಗಾರರ ಬೆಂಚಿನಲ್ಲಿ ಕುಳಿತಿರಬೇಕಿತ್ತು.

ಪಂದ್ಯದ ನಂತರ ರಕ್ಷಣಾ ಆಟಗಾರ ಮೈಕ್ ವೆಬರ್ ಪತ್ರಕರ್ತರ ಮುಂದೆ ತನ್ನ ನೋವನ್ನು ಮುಚ್ಚಿಡಲಿಲ್ಲ. ಅವರು ಬಫಲೋ ತಂಡದಲ್ಲೇ ಬೆಳೆದವರು. ಅಭಿಮಾನಿಗಳ ಬಗ್ಗೆ ಸದಾ ಒಳ್ಳೆಯ ಮಾತಾಡಿದವರು.

ಹಾಗಾದರೆ ಅಭಿಮಾನಿಗಳೇ ತಪ್ಪಿತಸ್ಥರೇ? ನನಗೆ ಇಲ್ಲಿ ಗಟ್ಟಿಯಾಗಿ ಬೆರಳು ತೋರಿಸಲು ಮನಸ್ಸಾಗುತ್ತಿಲ್ಲ. ಅವರು ಸೋಲನ್ನು ಪ್ರೀತಿಸಿದವರಲ್ಲ, ಗೆಲುವಿಗಾಗಿ ಹಸಿದವರು. ಆ ಲೆಕ್ಕಾಚಾರವನ್ನು ಅವರ ತಲೆಗೆ ತುಂಬಿದವರು ಬೇರೆ. ತಂಡವನ್ನು ಕಳಚಿಟ್ಟವರು ಗಾಜಿನ ಕೋಣೆಯಲ್ಲಿ ಸೂಟು ತೊಟ್ಟು ಕುಳಿತಿದ್ದರು. ಅವರು ಚಪ್ಪಾಳೆ ತಟ್ಟಲಿಲ್ಲ, ಆ ಅಗತ್ಯ ಅವರಿಗಿರಲಿಲ್ಲ. ಆಡಳಿತ ನಿಯಮದ ಕಡೆಗೆ ಕೈ ತೋರಿಸಿತು, ನಿಯಮ ಸಮಾನತೆಯ ಕಡೆಗೆ ಕೈ ತೋರಿಸಿತು. ಹೊಣೆ ಕೈಯಿಂದ ಕೈಗೆ ದಾಟಿ, ಕೊನೆಗೆ ಯಾರ ಕೈಯಲ್ಲೂ ಉಳಿಯಲಿಲ್ಲ. ದೊಡ್ಡ ಸಂಸ್ಥೆಗಳಲ್ಲಿ ಕೆಡುಕು ಸಾಮಾನ್ಯವಾಗಿ ಹೀಗೆಯೇ ನಡೆಯುವುದು. ಯಾವ ಕಡತ ತೆರೆದರೂ ಅಪರಾಧ ಸಿಗುವುದಿಲ್ಲ.

ಆದರೂ ಅಭಿಮಾನಿಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಸೋಲನ್ನು ಸಹಿಸುವುದು ಬೇರೆ, ಬಯಸುವುದು ಬೇರೆ. ಸಹಿಸುವವನು ಸೋತವನ ಪಕ್ಕದಲ್ಲಿ ನಿಲ್ಲುತ್ತಾನೆ. ಬಯಸುವವನು ಅವನ ಎದುರಿನಲ್ಲಿ ನಿಲ್ಲುತ್ತಾನೆ, ಅಂಗಿಯ ಬಣ್ಣ ಒಂದೇ ಆಗಿದ್ದರೂ. ಮನುಷ್ಯನ ಬಯಕೆಗಳು ಬಾಡಿಗೆ ಮನೆಯಂತಲ್ಲ, ಅವಧಿ ಮುಗಿದೊಡನೆ ಬೀಗ ಹಾಕಿ ಹೊರಬರಲು. ಈ ವರ್ಷ ಮಾತ್ರ ಸೋಲನ್ನು ಬಯಸುತ್ತೇನೆ, ಮುಂದಿನ ಅಕ್ಟೋಬರ್‌ನಿಂದ ಗೆಲುವನ್ನು ಬಯಸುತ್ತೇನೆ ಎಂದು ಸಂಕಲ್ಪ ಮಾಡಬಹುದು. ಮನಸ್ಸು ಹಾಗೆ ಕೇಳುವುದಿಲ್ಲ. 2015ರಲ್ಲಿ ಬಫಲೋ ತಂಡ ಸೇರಿದ ರಯಾನ್ ಓರೈಲಿ 2018ರ ಏಪ್ರಿಲ್‌ನಲ್ಲಿ, ತಂಡ ಮತ್ತೆ ಕೊನೆಯ ಸ್ಥಾನದಲ್ಲಿ ಋತು ಮುಗಿಸಿದಾಗ, ಸೋಲು ಸಹಜ ಎಂಬ ಮನಃಸ್ಥಿತಿ ತಂಡದೊಳಗೆ ಇಳಿದಿದೆ, ತನಗೇ ಎಷ್ಟೋ ಸಲ ಆಟದ ಮೇಲಿನ ಪ್ರೀತಿ ಹೋಗಿತ್ತು ಎಂಬ ಅರ್ಥದ ಮಾತು ಹೇಳಿದರು. ಕೆಲವೇ ತಿಂಗಳಲ್ಲಿ ಅವರನ್ನು ಸೇಂಟ್ ಲೂಯಿಸ್‌ಗೆ ಕಳಿಸಲಾಯಿತು. 2019ರಲ್ಲಿ ಆ ತಂಡ ಸ್ಟ್ಯಾನ್ಲಿ ಕಪ್ ಗೆದ್ದಿತು, ಪ್ಲೇ ಆಫ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಓರೈಲಿಗೆ ಸಿಕ್ಕಿತು. ಆ ಮನಃಸ್ಥಿತಿಯ ಬೇರು 2015ರಲ್ಲೇ ಇತ್ತೆಂದು ತಕ್ಕಡಿಯಲ್ಲಿಟ್ಟು ತೂಗಿ ತೋರಿಸಲಾಗದು. ಕೆಟ್ಟ ಆಡಳಿತ, ಪದೇ ಪದೇ ಬದಲಾದ ಕೋಚ್‌ಗಳು, ಎಲ್ಲದಕ್ಕೂ ಅದರಲ್ಲಿ ಪಾಲಿದೆ. ಆದರೆ ಎರಡು ವರ್ಷ ಸೋಲನ್ನೇ ಸಂಪತ್ತೆಂದು ಎಣಿಸಿದ ಮನೆಯಲ್ಲಿ ಗೆಲ್ಲುವ ಹಠ ಒಂದು ಬೆಳಿಗ್ಗೆ ತಾನಾಗಿ ಎದ್ದು ಕೂರುತ್ತದೆಂದು ನಂಬುವುದು ನನಗೆ ಕಷ್ಟ.

ಲೀಗ್ ಕೂಡ ತನ್ನ ನಿಯಮದಲ್ಲಿ ದೋಷ ಕಂಡಿತು. 2016ರಿಂದ ಮೊದಲ ಮೂರು ಆಯ್ಕೆಗಳಿಗೂ ಲಾಟರಿ ತಂದರು. ಕೊನೆಯ ಸ್ಥಾನದ ತಂಡ ನಾಲ್ಕನೇ ಆಯ್ಕೆಗೂ ಇಳಿಯಬಹುದು ಎಂದಾಯಿತು. ಸೋಲಿನ ಬೆಲೆ ಸ್ವಲ್ಪ ಕಡಿಮೆಯಾಯಿತು, ಅಷ್ಟೇ.

ಆ ಮಾರ್ಚ್ 26ರ ನಾಲ್ಕು ದಿನಗಳ ನಂತರ ಅದೇ ಎರಡು ತಂಡಗಳು ಅರಿಝೋನಾದಲ್ಲಿ ಮತ್ತೆ ಎದುರಾದವು. ಬಫಲೋ 4-1ರಿಂದ ಗೆದ್ದಿತು. ಕೊನೆಯ ಸ್ಥಾನಕ್ಕಾಗಿ ಇಡೀ ಊರು ಕಾದು ಕೂತಿರುವಾಗ ಆ ಆಟಗಾರರು ಗೆದ್ದರು. ಇಡೀ ಋತುವಿನಲ್ಲಿ ನನಗೆ ಗೌರವ ಮೂಡಿಸುವುದು ಆ ಒಂದು ಫಲಿತಾಂಶ.

ಋತು ಮುಗಿದೊಡನೆ, ಏಪ್ರಿಲ್ 12ರಂದು, ಕೋಚ್ ಟೆಡ್ ನೋಲನ್‌ರನ್ನು ಕೆಲಸದಿಂದ ತೆಗೆದರು. ಕೆನಡಾದ ಮೂಲನಿವಾಸಿ ಸಮುದಾಯದಿಂದ ಬಂದ ನೋಲನ್ 1997ರಲ್ಲಿ ಇದೇ ಬಫಲೋದ ಕೋಚ್ ಆಗಿ ಲೀಗ್‌ನ ಶ್ರೇಷ್ಠ ಕೋಚ್ ಪ್ರಶಸ್ತಿ ಪಡೆದವರು. ಮೈಕ್ ವೆಬರ್ ಮತ್ತೊಂದು ವರ್ಷ ಆಡಿದರು. 2016ರ ಫೆಬ್ರವರಿಯಲ್ಲಿ ಅವರನ್ನು ವಾಷಿಂಗ್ಟನ್ ತಂಡಕ್ಕೆ ಕೊಟ್ಟರು. ಬದಲಿಗೆ ಬಫಲೋ ಪಡೆದದ್ದು ಆಟಗಾರನನ್ನಲ್ಲ. 2017ರ ಡ್ರಾಫ್ಟ್‌ನ ಮೂರನೇ ಸುತ್ತಿನಲ್ಲಿ ಯಾರೋ ಒಬ್ಬ ಹುಡುಗನನ್ನು ಆರಿಸಿಕೊಳ್ಳುವ ಹಕ್ಕನ್ನು.